ಸಿ ಡ್ರೈವ್ ಖಾಲಿ ಮಾಡಿದ ಕಥೆ: ಯಾವ ಫೈಲ್ ತೆಗೆಯಬಹುದು, ಯಾವುದಕ್ಕೆ ಕೈ ಹಾಕಬಾರದು

ಮಂಡ್ಯದ ನೂರಡಿ ರಸ್ತೆ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬೀಗರ ಔತಣದ ಕಾರ್ಡ್, ತಿಥಿ ಕಾರ್ಡ್, ಫ್ಲೆಕ್ಸ್ ಡಿಸೈನ್. ಜೊತೆಗೆ ಜೆರಾಕ್ಸು, ಆನ್‌ಲೈನ್ ಅರ್ಜಿ. ಕಂಪ್ಯೂಟರ್ ಒಂದೇ. ಅದರಲ್ಲಿ ವಿಂಡೋಸ್ ಇರುವ ಸಿ ಡ್ರೈವ್ 128 ಜಿಬಿಯ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಡಿಸ್ಕ್), ಡಿ ಡ್ರೈವ್ 1 ಟಿಬಿಯ ಹಳೇ ಹಾರ್ಡ್ ಡಿಸ್ಕ್. ಈ ಸಿ ಡ್ರೈವ್ ಜೊತೆ ಪಟ್ಟ ಪಾಡು ಈಗಷ್ಟೇ ಮುಗಿದಿದೆ, ಮರೆಯುವ ಮುಂಚೆ ಬರೆದುಬಿಡುತ್ತೇನೆ. ಕಂಪ್ಯೂಟರ್ ಓದದೆ ಕಂಪ್ಯೂಟರ್‌ನಲ್ಲೇ ಹೊಟ್ಟೆ ಹೊರೆಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೀವಿ, ಅವರಿಗೆ ಉಪಯೋಗ ಆಗಬಹುದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು ಅಲ್ವಾ? ನಾನು ಮದುವೆ ಸೀಸನ್ ಕಳೆಯಲಿ ಅಂತ ತಳ್ಳಿಕೊಂಡು ಬಂದೆ. ಆಷಾಢ ಬಂದ ಮೇಲೆ ಲಗ್ನಪತ್ರಿಕೆ ಕೆಲಸ ನಿಂತಿತು, ಆಗ ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಮಾಡಿದೆ. ಸಲೀಸಾಗಿ ಆಯಿತು. ಮಾರನೇ ದಿನ ನೋಡಿದರೆ ಸಿ ಡ್ರೈವ್‌ನ ಪಟ್ಟಿ ಕೆಂಪಾಗಿದೆ. 119 ಜಿಬಿಯಲ್ಲಿ ಉಳಿದಿದ್ದು 1.3 ಜಿಬಿ. (128 ಅಂತ ದುಡ್ಡು ಕೊಟ್ಟರೂ ವಿಂಡೋಸ್ 119 ಅಂತಲೇ ತೋರಿಸುತ್ತದೆ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಅಂಗಡಿಯವರ ಜೊತೆ ಜಗಳ ಆಡಬೇಡಿ.)

ಕೆಂಪು ಇದ್ದರೆ ಇರಲಿ ಅಂತ ಬಿಡುವ ಹಾಗಿರಲಿಲ್ಲ. ಡಿಸೈನ್ ಮಾಡುವ ಕೋರೆಲ್‌ನಲ್ಲಿ ಫೈಲ್ ಸೇವ್ ಆಗುತ್ತಿಲ್ಲ. ಫೋಟೋಶಾಪ್ ತೆರೆದರೆ ಸ್ಕ್ರ್ಯಾಚ್ ಡಿಸ್ಕ್ (ಕೆಲಸ ಮಾಡುವಾಗ ಅದು ತಾತ್ಕಾಲಿಕವಾಗಿ ಬಳಸುವ ಜಾಗ) ಫುಲ್ ಅನ್ನುತ್ತದೆ. ಪ್ರಿಂಟ್ ಕೊಟ್ಟರೆ ಕ್ಯೂನಲ್ಲೇ ಕೂತಿರುತ್ತದೆ. ಆಷಾಢದಲ್ಲಿ ಮದುವೆ ಇಲ್ಲದಿದ್ದರೂ ತಿಥಿ ಇದ್ದೇ ಇರುತ್ತದೆ. ತಿಥಿ ಕಾರ್ಡ್‌ನವರಿಗೆ ನಾಳೆ ಬನ್ನಿ ಅನ್ನಕ್ಕಾಗಲ್ಲ. ಹನ್ನೊಂದನೇ ದಿನ ಮುಂದಕ್ಕೆ ಹೋಗಲ್ಲ.

ಒಂದು ಸರ್ವಿಸ್ ಅಂಗಡಿಗೆ ಫೋನ್ ಮಾಡಿದೆ. ಏನು, ಎತ್ತ ಅಂತ ಕೇಳಲೇ ಇಲ್ಲ. "ಫಾರ್ಮ್ಯಾಟ್ ಮಾಡಿ ಕೊಡ್ತೀವಿ ಮೇಡಂ. 700 ಆಗುತ್ತೆ. ಡೇಟಾ ಬ್ಯಾಕಪ್ ಬೇಕಂದ್ರೆ ಇನ್ನೊಂದು 500. ಡೇಟಾ ಹೋದ್ರೆ ನಮ್ಮ ಜವಾಬ್ದಾರಿ ಇಲ್ಲ." ಡೇಟಾ ಉಳಿಸುವುದಕ್ಕೆ 500 ತಗೊಂಡು ಡೇಟಾಗೆ ಜವಾಬ್ದಾರಿ ಇಲ್ಲ ಅಂದರೆ ಏನರ್ಥ? ಅದೂ ಹೋಗಲಿ. ಫಾರ್ಮ್ಯಾಟ್ ಆದರೆ ಕೋರೆಲ್, ಕನ್ನಡ ಬರೆಯುವ ನುಡಿ, ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚಿನ ಮೆಷಿನ್ ಎಲ್ಲ ಮತ್ತೆ ಹಾಕಬೇಕು. ಅದಕ್ಕೆ ಎಷ್ಟು ದಿನ ಹಿಡಿಯುತ್ತದೋ ದೇವರಿಗೇ ಗೊತ್ತು.

ಅಕ್ಕನ ಮಗ ಮೈಸೂರಿನ ಹೆಬ್ಬಾಳದ ಕಡೆ ಒಂದು ಕಂಪನಿಯಲ್ಲಿ ಸಿಸ್ಟಮ್ ಅಡ್ಮಿನ್. ಅವನಿಗೆ ಫೋನ್ ಹಚ್ಚಿದೆ. "ಚಿಕ್ಕಮ್ಮ, ಸದ್ಯಕ್ಕೆ ಏನೂ ಡಿಲೀಟ್ ಮಾಡ್ಬೇಡಿ. ರಾತ್ರಿ ನನ್ನ ಶಿಫ್ಟ್ ಮುಗಿದ ಮೇಲೆ ಮಾತಾಡೋಣ. ಅಷ್ಟರಲ್ಲಿ ನಿಮ್ಮ ಕೆಲಸದ ಫೈಲ್ ಎಲ್ಲ ಹೊರಗಡೆ ಕಾಪಿ ಮಾಡಿ" ಅಂದ.

ಕಾಪಿ ಮಾಡುವುದು ಅಂದುಕೊಂಡಷ್ಟು ಬೇಗ ಆಗಲ್ಲ. ದೊಡ್ಡ ಫೈಲ್ ಒಂದು ಬೇಗ ಹೋಗುತ್ತದೆ, ಸಣ್ಣ ಸಣ್ಣ ಫೈಲ್ ಸಾವಿರ ಇದ್ದರೆ ತೆವಳುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಕೋರೆಲ್ ಫೋಲ್ಡರ್ ಎಲ್ಲ ಡಿ ಡ್ರೈವ್‌ಗೆ ಹೋಯಿತು. ಮುಖ್ಯವಾದದ್ದು ಮಾತ್ರ ಹೊಸ ಪೆನ್‌ಡ್ರೈವ್‌ಗೂ ಹಾಕಿದೆ. ಅದಕ್ಕೆ ಐನೂರು ಚಿಲ್ಲರೆ ಆಯಿತು. ಈ ಇಡೀ ಕೆಲಸದಲ್ಲಿ ನನ್ನ ಕೈಯಿಂದ ಹೋದ ದುಡ್ಡು ಅದೊಂದೇ. ಲೈಸೆನ್ಸ್ ಕೀಗಳು, ಬ್ರೌಸರ್‌ನಲ್ಲಿ ಸೇವ್ ಆಗಿದ್ದ ಪಾಸ್‌ವರ್ಡ್‌ಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟೆ. ನೀವೂ ಇದನ್ನು ಮೊದಲು ಮಾಡಿ. ಆಮೇಲೆ ಏನೇ ಆದರೂ ಎದೆ ಹೊಡೆದುಕೊಳ್ಳಲ್ಲ.

ರಾತ್ರಿ ಅವನು ಮೊದಲು ಹಾಕಿಸಿದ್ದು ಟ್ರೀಸೈಜ್ ಅನ್ನೋ ಪ್ರೋಗ್ರಾಂ. ಉಚಿತ ಆವೃತ್ತಿ ಸಾಕು. ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ತೋರಿಸುತ್ತದೆ. ವಿಂಡಿರ್‌ಸ್ಟ್ಯಾಟ್, ವಿಜ್‌ಟ್ರೀ ಕೂಡ ಅದೇ ಕೆಲಸ ಮಾಡುತ್ತವೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕು, ಇಲ್ಲದಿದ್ದರೆ ಕೆಲವು ಫೋಲ್ಡರ್‌ಗಳ ಲೆಕ್ಕ ಸಿಗಲ್ಲ. ನನ್ನ ಸಿ ಡ್ರೈವ್‌ನಲ್ಲಿ ಬಂದ ಲೆಕ್ಕ ಹೀಗಿತ್ತು: ಯೂಸರ್ಸ್ 35 ಜಿಬಿ, ವಿಂಡೋಸ್ 28, ವಿಂಡೋಸ್ ಡಾಟ್ ಓಲ್ಡ್ 22, ಪ್ರೋಗ್ರಾಂ ಫೈಲ್ಸ್ 14, ಪೇಜ್‌ಫೈಲ್ 8, ಹೈಬರ್‌ಫಿಲ್ 6ರ ಮೇಲೆ.

ನನಗಂತೂ ವಿಂಡೋಸ್ ಫೋಲ್ಡರ್ ಒಳಗಿರುವುದೆಲ್ಲ ಮುಟ್ಟಬಾರದ್ದು, ಹೊರಗಿರುವುದೆಲ್ಲ ತೆಗೆಯಬಹುದಾದ್ದು ಅಂತ ಒಂದು ಲೆಕ್ಕ ಇತ್ತು. ಹಾಗಲ್ಲವಂತೆ. ವಿಂಡೋಸ್ ಫೋಲ್ಡರ್ ಒಳಗೇ ಕಣ್ಣು ಮುಚ್ಚಿ ತೆಗೆಯುವಂಥದ್ದು ಇದೆ, ಹೊರಗಡೆ ಮುಟ್ಟಲೇಬಾರದ್ದೂ ಇದೆ. ಹೆಸರು ನೋಡಿ ಹೇಳಕ್ಕಾಗಲ್ಲ, ಸೈಜ್ ನೋಡಿ ಹೇಳಕ್ಕಾಗಲ್ಲ. "ಚಿಕ್ಕಮ್ಮ, ಇದನ್ನ ತೆಗೆಯೋಕೆ ವಿಂಡೋಸೇ ಒಂದು ಬಾಗಿಲು ಇಟ್ಟಿದೆಯಾ ನೋಡಿ. ಇಟ್ಟಿದ್ರೆ ಆ ಬಾಗಿಲಿಂದ್ಲೇ ತೆಗೀರಿ. ಕೈಯಿಂದ ಡಿಲೀಟ್ ಒತ್ತಬೇಡಿ" ಅಂತ ಅವನು ಹೇಳಿದ. ಆಮೇಲೆ ನಾವು ಮಾಡಿದ್ದೆಲ್ಲ ಹೆಚ್ಚು ಕಡಿಮೆ ಇದೇ ಲೆಕ್ಕದಲ್ಲಿ.

ಶುರು ಮಾಡಿದ್ದು ಟೆಂಪರರಿ ಫೈಲ್‌ಗಳಿಂದ. ಮೊದಲು ಕಂಪ್ಯೂಟರ್ ಒಂದು ಸಲ ರೀಸ್ಟಾರ್ಟ್. ಅರ್ಧಕ್ಕೆ ನಿಂತ ಇನ್‌ಸ್ಟಾಲೇಶನ್ ಯಾವುದಾದರೂ ಟೆಂಪ್ ಫೋಲ್ಡರ್‌ನಲ್ಲಿ ಫೈಲ್ ಇಟ್ಟುಕೊಂಡು ರೀಸ್ಟಾರ್ಟ್‌ಗೆ ಕಾಯುತ್ತಿರಬಹುದು, ಅದಕ್ಕೆ. ಆಮೇಲೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಪರ್ಸೆಂಟ್ ಗುರುತು, ಟೆಂಪ್, ಮತ್ತೆ ಪರ್ಸೆಂಟ್ ಗುರುತು ಹಾಕಿ ಎಂಟರ್. ತೆರೆದ ಫೋಲ್ಡರ್‌ನಲ್ಲಿ ಎಲ್ಲ ಸೆಲೆಕ್ಟ್ ಮಾಡಿ ಡಿಲೀಟ್. ಕೆಲವು ಫೈಲ್ ಬಳಕೆಯಲ್ಲಿದೆ ಅನ್ನುತ್ತದೆ. ಸ್ಕಿಪ್ ಕೊಟ್ಟು ಮುಂದೆ ಹೋಗಿ, ಹಠ ಬೇಡ. ವಿಂಡೋಸ್ ಫೋಲ್ಡರ್ ಒಳಗಿನ ಟೆಂಪ್ ಕೂಡ ಹಾಗೇ.

ನನ್ನ ಟೆಂಪ್‌ನಲ್ಲಿ ಫೋಟೋಶಾಪ್ ಟೆಂಪ್ ಅಂತ ಹೆಸರಿದ್ದು, ಮುಂದೆ ಬರೀ ಅಂಕಿ ಇರುವ ಫೈಲ್‌ಗಳು ಸಿಕ್ಕವು. ಒಂದೊಂದೂ ಜಿಬಿಗಟ್ಟಲೆ. ಕರೆಂಟ್ ಹೋಗಿ ಫೋಟೋಶಾಪ್ ಅಚಾನಕ್ಕಾಗಿ ಮುಚ್ಚಿಕೊಂಡಾಗ ಹಿಂದೆ ಉಳಿಯುವ ಫೈಲ್‌ಗಳಂತೆ ಇವು. ಸರಿಯಾಗಿ ಮುಚ್ಚಿದರೆ ಫೋಟೋಶಾಪ್ ತಾನೇ ಅಳಿಸಿಕೊಂಡು ಹೋಗುತ್ತದೆ. ಮಂಡ್ಯದಲ್ಲಿ ಅಂಗಡಿ ಇಟ್ಟವರಿಗೆ ಇವು ಜಾಸ್ತಿ ಯಾಕಿರುತ್ತವೆ ಅಂತ ಬಿಡಿಸಿ ಹೇಳಬೇಕಿಲ್ಲ. ಫೋಟೋಶಾಪ್ ಮುಚ್ಚಿದ್ದಾಗ ಇವನ್ನು ಧಾರಾಳವಾಗಿ ತೆಗೆಯಬಹುದು. ಹಾಗೇ ಪ್ರಿಫರೆನ್ಸಸ್‌ಗೆ ಹೋಗಿ ಸ್ಕ್ರ್ಯಾಚ್ ಡಿಸ್ಕ್ ಅನ್ನು ಡಿ ಡ್ರೈವ್‌ಗೆ ಬದಲಾಯಿಸಿದೆ. ಸ್ವಲ್ಪ ನಿಧಾನ ಆಗುತ್ತದೆ, ಆದರೆ ಕೆಲಸ ನಿಲ್ಲಲ್ಲ.

ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್. ಇಲ್ಲಿ ವಿಂಡೋಸ್ ತಾನೇ ಪಟ್ಟಿ ಮಾಡಿ ಕೊಡುತ್ತದೆ. ಅಪ್‌ಡೇಟ್ ಕ್ಲೀನಪ್, ಡೆಲಿವರಿ ಆಪ್ಟಿಮೈಸೇಶನ್ ಫೈಲ್ಸ್, ಥಂಬ್‌ನೇಲ್ಸ್, ರೀಸೈಕಲ್ ಬಿನ್. ಥಂಬ್‌ನೇಲ್ ಹೋದರೆ ಮತ್ತೆ ತಾನೇ ಹುಟ್ಟಿಕೊಳ್ಳುತ್ತದೆ. ಡೆಲಿವರಿ ಆಪ್ಟಿಮೈಸೇಶನ್ ಅಂದರೆ ಅಪ್‌ಡೇಟ್ ಡೌನ್‌ಲೋಡ್‌ಗಳನ್ನು ಬೇರೆ ಕಂಪ್ಯೂಟರ್‌ಗೂ ಹಂಚಲು ಇಟ್ಟುಕೊಂಡದ್ದು, ಅದೂ ಹೋಗಬಹುದು. ಆದರೆ ಇದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಅಂತ ಒಂದು ಸಾಲು ಇರುತ್ತದೆ. ಹುಷಾರು! ಅದು ಟೆಂಪರರಿ ಅಲ್ಲ, ನಿಮ್ಮ ಡೌನ್‌ಲೋಡ್ಸ್ ಫೋಲ್ಡರ್ರೇ. ಎಲ್ಲಕ್ಕೂ ಟಿಕ್ ಹಾಕುತ್ತಾ ಹೋಗುವವರು ಅದಕ್ಕೂ ಟಿಕ್ ಹಾಕಿದರೆ ಗಿರಾಕಿಗಳು ಕಳಿಸಿದ ಫೋಟೋ ಎಲ್ಲ ಒಟ್ಟಿಗೆ ಮಾಯ.

ಇಷ್ಟಕ್ಕೇ ನಾಲ್ಕೈದು ಜಿಬಿ ಬಂತು. ಬಾಕಿ ಇದ್ದ ತಿಥಿ ಕಾರ್ಡ್ ಪ್ರಿಂಟ್ ಆಗಬೇಕಿತ್ತು, ಆದರೆ ಕ್ಯೂನಲ್ಲಿ ಕೂತಿದ್ದ ಹಳೇ ಪ್ರಿಂಟ್‌ಗಳು ಕದಲಲೇ ಇಲ್ಲ. ಅದಕ್ಕೆ ಇವನು ಸಿಸ್ಟಮ್32 ಒಳಗೆ ಕರೆದುಕೊಂಡು ಹೋದಾಗ ನನಗೆ ನಿಜಕ್ಕೂ ಭಯ ಆಯಿತು. ಸಿಸ್ಟಮ್32 ಅಂದರೆ ವಿಂಡೋಸ್‌ನ ಗರ್ಭಗುಡಿ ಅಂತ ಎಲ್ಲರೂ ಹೆದರಿಸಿದ್ದರು. ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಅಂತ ಒಂದು ಫೋಲ್ಡರ್. ಮೊದಲು ಸರ್ವಿಸಸ್‌ನಲ್ಲಿ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳ ಪಟ್ಟಿ) ಪ್ರಿಂಟ್ ಕ್ಯೂ ನೋಡಿಕೊಳ್ಳುವ ಪ್ರಿಂಟ್ ಸ್ಪೂಲರ್ ಅನ್ನು ಸ್ಟಾಪ್ ಮಾಡಬೇಕು, ಆಮೇಲೆ ಆ ಪ್ರಿಂಟರ್ಸ್ ಫೋಲ್ಡರ್ ಒಳಗಿರುವ ಫೈಲ್‌ಗಳನ್ನು ಮಾತ್ರ ತೆಗೆಯಬೇಕು, ಫೋಲ್ಡರ್ ಅನ್ನಲ್ಲ. ಮತ್ತೆ ಸ್ಪೂಲರ್ ಸ್ಟಾರ್ಟ್. ಪ್ರಿಂಟರ್ ಗರ್ ಅಂದಿತು. ಕಾರ್ಡ್‌ನವರು ಟೀ ಕುಡಿದು ಬರುವಷ್ಟರಲ್ಲಿ ಕೊಟ್ಟು ಕಳಿಸಿದೆ. ಸಿಸ್ಟಮ್32ನಲ್ಲಿ ನಾವು ಮುಟ್ಟಿದ್ದು ಇದೊಂದೇ ಮೂಲೆ, ನೀವೂ ಅಷ್ಟಕ್ಕೇ ನಿಲ್ಲಿಸಿ. ಅಲ್ಲೇ ಡ್ರೈವರ್‌ಗಳು (ಪ್ರಿಂಟರ್, ಸ್ಕ್ಯಾನರ್‌ನಂಥವನ್ನು ನಡೆಸುವ ಪ್ರೋಗ್ರಾಂ) ಇರುವ ಡ್ರೈವರ್‌ಸ್ಟೋರ್ ಅಂತ ದೊಡ್ಡ ಫೋಲ್ಡರ್ ಇದೆ, ಅದರಿಂದ ಕೈಯಾರೆ ಏನೂ ತೆಗೆಯಬಾರದು.

ಎರಡನೇ ಘಟ್ಟ ಕಾಯುವುದು. 22 ಜಿಬಿಯ ವಿಂಡೋಸ್ ಡಾಟ್ ಓಲ್ಡ್ ಕಣ್ಣೆದುರಿಗೇ ಇದೆ, ತೆಗೆದರೆ ಅರ್ಧ ಸಮಸ್ಯೆ ಮುಗಿಯಿತು. ಅದು ನನ್ನ ಹಳೇ ವಿಂಡೋಸ್ 10. ಅಪ್‌ಗ್ರೇಡ್ ಆದಾಗ ಹಳೆಯದನ್ನು ಹಾಗೇ ಕಟ್ಟಿ ಪಕ್ಕಕ್ಕಿಟ್ಟಿರುತ್ತದೆ. ಹೊಸದು ಹಿಡಿಸದಿದ್ದರೆ 10 ದಿನದೊಳಗೆ ರಿಕವರಿಗೆ ಹೋಗಿ ಗೋ ಬ್ಯಾಕ್ ಒತ್ತಿ ಹಳೆಯದಕ್ಕೆ ಮರಳಬಹುದು. 10 ದಿನ ಕಳೆದರೆ ವಿಂಡೋಸ್ ತಾನೇ ಅಳಿಸುತ್ತದೆ. ಮುಂಚೆಯೇ ನೀವು ಅಳಿಸಿದರೆ ವಾಪಸ್ ಹೋಗುವ ದಾರಿ ಬಂದ್.

ಆದ್ದರಿಂದ ತಕ್ಷಣ ತೆಗೆಯಲಿಲ್ಲ. ಅಂಗಡಿಯ ಒಂದೊಂದೇ ಸಾಮಾನು ಹೊಸ ವಿಂಡೋಸ್‌ನಲ್ಲಿ ನಡೆಯುತ್ತದಾ ಅಂತ ನೋಡಿದೆ. ಲೇಸರ್ ಪ್ರಿಂಟರ್ ಸರಿ. ಕೋರೆಲ್ ಸರಿ. ನುಡಿ ಕೀಬೋರ್ಡ್ ಸರಿ. ಸ್ಕ್ಯಾನರ್ ಕೈ ಕೊಟ್ಟಿತು. ಹಳೇ ಡ್ರೈವರ್ ತೆಗೆದು, ಕಂಪನಿಯ ಹೊಸ ಡ್ರೈವರ್ ಹುಡುಕಿ ಹಾಕಿದ ಮೇಲೆ ಎದ್ದಿತು. ಬೆರಳಚ್ಚಿನ ಮೆಷಿನ್‌ದು ಇನ್ನೊಂದು ರಾಮಾಯಣ. ಅದರ ಸರ್ವಿಸ್ ಪ್ರೋಗ್ರಾಂ ಹೊಸದು ಬರುವವರೆಗೂ ಕಾದೆ. ಅಷ್ಟು ದಿನ ಐದಾರು ಜಿಬಿಯಲ್ಲಿ ಹೇಗೋ ದಬ್ಬಿದೆ. 10 ದಿನ ಸಾಲದು ಅನ್ನಿಸಿದರೆ ಆ ಅವಧಿಯೊಳಗೇ ಒಂದು ಕಮಾಂಡ್ ಕೊಟ್ಟು 60 ದಿನದವರೆಗೂ ಮುಂದಕ್ಕೆ ಹಾಕಬಹುದಂತೆ. ನನಗೆ ಆ ಪ್ರಸಂಗ ಬರಲಿಲ್ಲ.

ಎಲ್ಲ ನಡೆಯುತ್ತದೆ ಅಂತ ಖಾತ್ರಿ ಆದ ಮೇಲೆ ಡಿಸ್ಕ್ ಕ್ಲೀನಪ್ ತೆರೆದು, ಕ್ಲೀನಪ್ ಸಿಸ್ಟಮ್ ಫೈಲ್ಸ್ ಒತ್ತಿ, ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಶನ್ಸ್‌ಗೆ ಟಿಕ್ ಹಾಕಿದೆ. ಕ್ಲೀನಪ್ ಸಿಸ್ಟಮ್ ಫೈಲ್ಸ್ ಬಟನ್ ಒತ್ತದೆ ಇದ್ದರೆ ಈ ಸಾಲು ಕಾಣಿಸುವುದೇ ಇಲ್ಲ, ಎಷ್ಟೋ ಜನ ಇಲ್ಲೇ ಎಡವುವುದು. ಫೋಲ್ಡರ್ ಅನ್ನು ನೇರವಾಗಿ ಡಿಲೀಟ್ ಮಾಡಲು ಹೋದರೆ ಅನುಮತಿ ಇಲ್ಲ ಅಂತ ಅರ್ಧಕ್ಕೆ ನಿಲ್ಲುತ್ತದೆ. ಇಲ್ಲಿಂದ ಮಾಡಿದರೆ ಪೂರ್ತಿ ಹೋಗುತ್ತದೆ. ಪಟ್ಟಿ ಕೆಂಪಿನಿಂದ ನೀಲಿಗೆ ತಿರುಗಿದಾಗ ನನಗೆ ಆದ ಖುಷಿ ನಮ್ಮ ಮನೆಯವರಿಗೆ ಅರ್ಥ ಆಗಲಿಲ್ಲ.

ಇನ್ನು ಹೈಬರ್‌ಫಿಲ್. ಕಂಪ್ಯೂಟರ್ ಅನ್ನು ಹೈಬರ್ನೇಟ್ ಮಾಡಿದಾಗ (ತೆರೆದ ಕೆಲಸ ಇದ್ದ ಹಾಗೇ ಉಳಿಸಿ ಆಫ್ ಮಾಡುವುದು), ಕೆಲಸ ನಡೆಯುವ ಮೆಮೊರಿಯಾದ ರ‍್ಯಾಮ್‌ನಲ್ಲಿ ಇರುವುದನ್ನೆಲ್ಲ ಬರೆದಿಡುವ ಫೈಲ್. ಸಾಮಾನ್ಯವಾಗಿ ರ‍್ಯಾಮ್‌ನ ಶೇಕಡಾ 40ರಷ್ಟು ಇರುತ್ತದೆ. ನನ್ನದು 16 ಜಿಬಿ ರ‍್ಯಾಮ್, ಅದಕ್ಕೇ ಆರು ಚಿಲ್ಲರೆ ಜಿಬಿ. ಅಂಗಡಿಯ ಡೆಸ್ಕ್‌ಟಾಪ್ ಅನ್ನು ನಾನು ಯಾವತ್ತೂ ಹೈಬರ್ನೇಟ್ ಮಾಡಿಲ್ಲ, ರಾತ್ರಿ ಆಫ್ ಮಾಡಿ ಹೋಗುತ್ತೇನೆ. ಹಾಗಾಗಿ ಇದು ಬೇಡ. ಆದರೆ ಈ ಫೈಲ್ ಅನ್ನು ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದರೆ ಹೋಗಲ್ಲ. ಹೈಬರ್ನೇಶನ್ನನ್ನೇ ಆಫ್ ಮಾಡಬೇಕು, ಫೈಲ್ ತಾನಾಗಿ ಹೋಗುತ್ತದೆ. ಅಕ್ಕನ ಮಗ ಕಮಾಂಡ್ ಪ್ರಾಂಪ್ಟ್ (ಕಮಾಂಡ್ ಟೈಪ್ ಮಾಡುವ ಕಪ್ಪು ವಿಂಡೋ) ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಸಿ ಫೋನ್‌ನಲ್ಲೇ ಹೇಳಿದ: "ಪವರ್ ಅಂತ ಬರೀರಿ. ಗ್ಯಾಪ್ ಕೊಡ್ದೆ ಸಿ, ಎಫ್, ಜಿ. ಈಗ ಗ್ಯಾಪ್. ಸ್ಲ್ಯಾಶ್, ಎಚ್. ಮತ್ತೆ ಗ್ಯಾಪ್. ಆಫ್. ಎಂಟರ್."

ಏನೂ ಆಗಲಿಲ್ಲ. ಒಂದು ಸಾಲೂ ಬರಲಿಲ್ಲ. "ಏನೂ ಬರ್ಲಿಲ್ಲ ಕಣೋ" ಅಂದೆ. "ಏನೂ ಬರ್ಲಿಲ್ಲ ಅಂದ್ರೆ ಆಯ್ತು ಅಂತ ಅರ್ಥ ಚಿಕ್ಕಮ್ಮ. ತಪ್ಪಿದ್ರೆ ಬೈಯುತ್ತೆ." ನೋಡಿದರೆ ಆರು ಜಿಬಿ ಬಂದಿತ್ತು. ಇದರ ಜೊತೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ, ಬೆಳಿಗ್ಗೆ ಆನ್ ಆಗುವುದು ಸ್ವಲ್ಪ ತಡ. ಎಸ್‌ಎಸ್‌ಡಿ ಇದ್ದರೆ ಅದು ಲೆಕ್ಕಕ್ಕಿಲ್ಲ. ಲ್ಯಾಪ್‌ಟಾಪ್ ಇಟ್ಟುಕೊಂಡವರು ಮಾತ್ರ ಯೋಚನೆ ಮಾಡಿ. ಬ್ಯಾಟರಿ ಪೂರ್ತಿ ಇಳಿದಾಗ ನಿಮ್ಮ ಕೆಲಸ ಉಳಿಸುವುದು ಇದೇ ಹೈಬರ್ನೇಶನ್.

ಪೇಜ್‌ಫೈಲ್ ಪಕ್ಕದಲ್ಲೇ ಇತ್ತು, 8 ಜಿಬಿ. ಅದನ್ನೂ ಹೀಗೇ ಕಳಿಸೋಣ ಅಂದೆ. ಬೇಡ ಅಂದ. ರ‍್ಯಾಮ್ ಸಾಲದಾದಾಗ ವಿಂಡೋಸ್ ಬಳಸುವ ಜಾಗ ಅದು. ದೊಡ್ಡ ಫ್ಲೆಕ್ಸ್ ಫೈಲ್ ತೆರೆದಾಗ ಅದೇ ನಮ್ಮನ್ನು ಕಾಯುವುದು. ಡಿ ಡ್ರೈವ್‌ಗೆ ಕಳಿಸಬಹುದು, ಆದರೆ ಹಳೇ ಹಾರ್ಡ್ ಡಿಸ್ಕ್ ಆದ್ದರಿಂದ ಎಲ್ಲ ನಿಧಾನ ಆಗುತ್ತದೆ. ಬಿಟ್ಟೆವು.

ಈಗ ಜನ ಜಾಸ್ತಿ ಕೈ ಸುಟ್ಟುಕೊಳ್ಳುವ ಜಾಗಕ್ಕೆ ಬರುತ್ತೇನೆ. ವಿಂಡೋಸ್ ಫೋಲ್ಡರ್ ಒಳಗೆ ವಿನ್ ಎಸ್‌ಎಕ್ಸ್‌ಎಸ್ ಅಂತ ಒಂದಿದೆ. ಪ್ರಾಪರ್ಟೀಸ್ ನೋಡಿದರೆ ನನ್ನದರಲ್ಲಿ 12 ಜಿಬಿ. ಅದರಲ್ಲಿ ಉದ್ದುದ್ದ ಅರ್ಥವಿಲ್ಲದ ಹೆಸರಿನ ಸಾವಿರಾರು ಫೋಲ್ಡರ್. ನೋಡಿದರೆ ಯಾರಿಗಾದರೂ ಕಸ ಅಂತಲೇ ಅನ್ನಿಸುತ್ತದೆ. ವಿಂಡೋಸ್‌ನ ಎಲ್ಲ ಭಾಗಗಳ ಮೂಲ ಉಗ್ರಾಣ ಅದು. ಅಪ್‌ಡೇಟ್ ಹಾಕಲು, ವಾಪಸ್ ತೆಗೆಯಲು, ಕೆಟ್ಟ ಫೈಲ್ ರಿಪೇರಿ ಮಾಡಲು ವಿಂಡೋಸ್ ಅಲ್ಲಿಂದಲೇ ತಗೊಳ್ಳುವುದು. ಕೈಯಾರೆ ಅಳಿಸಿದರೆ ವಿಂಡೋಸ್ ಏಳದೇ ಹೋಗಬಹುದು, ಮುಂದೆ ಅಪ್‌ಡೇಟ್ ಆಗದೇ ಹೋಗಬಹುದು.

ಇನ್ನೊಂದು ವಿಷಯ, ಆ 12 ಜಿಬಿ ಪೂರ್ತಿ ನಿಜ ಅಲ್ಲ. ಅಲ್ಲಿರುವ ಎಷ್ಟೋ ಫೈಲ್‌ಗಳೇ ಸಿಸ್ಟಮ್32ನಲ್ಲೂ ಕಾಣಿಸುತ್ತವೆ. ಡಿಸ್ಕ್‌ನಲ್ಲಿ ಇರುವುದು ಒಂದೇ ಪ್ರತಿ, ಹೆಸರು ಎರಡು ಕಡೆ. ಹಾರ್ಡ್ ಲಿಂಕ್ ಅನ್ನುತ್ತಾರೆ. ಅಣ್ಣತಮ್ಮಂದಿರ ಜಂಟಿ ಖಾತೆಯ ಒಂದೆಕರೆಯನ್ನು ಇಬ್ಬರ ಹೆಸರಲ್ಲೂ ಬೇರೆ ಬೇರೆ ಲೆಕ್ಕ ಹಾಕಿ ಎರಡೆಕರೆ ಅಂದ ಹಾಗೆ. ನಿಜವಾದ ಲೆಕ್ಕ ಹೇಳಲು ಡಿಸ್ಮ್ ಅನ್ನೋ ಕಮಾಂಡ್ ಇದೆ. ಅದಕ್ಕೆ ಆನ್‌ಲೈನ್, ಕ್ಲೀನಪ್-ಇಮೇಜ್, ಅನಲೈಸ್‌ಕಾಂಪೊನೆಂಟ್‌ಸ್ಟೋರ್ ಅಂತ ಮೂರನ್ನೂ ಸ್ಲ್ಯಾಶ್ ಹಾಕಿ ಕೊಡಬೇಕು. ಕೊನೆಯ ಎರಡರ ಸ್ಪೆಲ್ಲಿಂಗ್ ಫೋನ್‌ನಲ್ಲಿ ಕೇಳಿ ಬರೆಯುವುದರಲ್ಲಿ ನನಗೆ ಬೆವರು ಬಂತು. ಕೊನೆಗೆ ವಾಟ್ಸಾಪ್‌ನಲ್ಲಿ ಕಳಿಸು ಅಂತ ಕಾಪಿ ಮಾಡಿ ಹಾಕಿದೆ. ವಿಂಡೋಸ್ ಜೊತೆ ಹಂಚಿಕೊಂಡದ್ದೇ ಅರ್ಧ ಅಂತ ತೋರಿಸಿತು. ಕೆಳಗಡೆ, ಕ್ಲೀನ್ ಮಾಡುವುದು ಒಳ್ಳೆಯದು ಅನ್ನೋ ಸಾಲಿನ ಮುಂದೆ ಯೆಸ್ ಇತ್ತು. ಆ ಸಾಲಿನಲ್ಲಿ ನೋ ಇದ್ದರೆ ಅಲ್ಲಿಗೇ ಬಿಟ್ಟುಬಿಡಿ.

ಯೆಸ್ ಇದ್ದಿದ್ದರಿಂದ ಅದೇ ಡಿಸ್ಮ್‌ಗೆ ಕೊನೆಯಲ್ಲಿ ಸ್ಟಾರ್ಟ್‌ಕಾಂಪೊನೆಂಟ್‌ಕ್ಲೀನಪ್ ಹಾಕಿ ಎಂಟರ್ ಒತ್ತಿದೆ. ಗೆರೆ ಓಡಲು ಶುರುವಾಯಿತು. ಒಂದು ಕಡೆ ಬಂದು ನಿಂತೇ ಬಿಟ್ಟಿತು. ಟೀ ಕುಡಿದೆ, ಜೆರಾಕ್ಸ್ ಕೊಟ್ಟೆ, ಒಬ್ಬರಿಗೆ ಪಹಣಿ ತೆಗೆದು ಕೊಡಲು ಆಗಲ್ಲ ಅಂತ ಕಳಿಸಿದೆ. ಅದು ಅಲ್ಲೇ ಇದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕೀಂಕ್ ಕೀಂಕ್ ಅಂತ ಕೂಗುತ್ತಿದೆ, ಇಲ್ಲಿ ಗೆರೆ ಕದಲುತ್ತಿಲ್ಲ. ನಮ್ಮ ಯುಪಿಎಸ್‌ಗೆ ವಯಸ್ಸಾಗಿದೆ, ಅರ್ಧ ಗಂಟೆ ಬಂದರೆ ಹೆಚ್ಚು. ವಿಂಡೋ ಮುಚ್ಚಲಾ ಅಂತ ಕೇಳಿದೆ. "ಮುಟ್ಟಬೇಡಿ, ಒಳಗೆ ಕೆಲಸ ನಡೀತಿರುತ್ತೆ" ಅಂದ. ಪುಣ್ಯಕ್ಕೆ ಕರೆಂಟ್ ಬೇಗ ಬಂತು, ಗೆರೆ ಒಂದೇ ಸಲಕ್ಕೆ ಹಾರಿ ನೂರಕ್ಕೆ ಹೋಯಿತು. ಸಿಕ್ಕಿದ್ದು 3 ಜಿಬಿ ಆಸುಪಾಸು. ಇದನ್ನು ಮಾಡುವವರು ಯುಪಿಎಸ್ ಗಟ್ಟಿ ಇರುವ ದಿನ, ಗಿರಾಕಿ ಇಲ್ಲದ ಹೊತ್ತು ಮಾಡಿ. ಕೆಲವರು ಇದರ ಮುಂದೆ ರೀಸೆಟ್‌ಬೇಸ್ ಅಂತ ಸೇರಿಸಿ ಅನ್ನುತ್ತಾರೆ. ಅದನ್ನು ಸೇರಿಸಿದರೆ ಈಗಾಗಲೇ ಹಾಕಿರುವ ಅಪ್‌ಡೇಟ್‌ಗಳನ್ನು ವಾಪಸ್ ತೆಗೆಯಕ್ಕಾಗಲ್ಲ. ನಾವು ಸೇರಿಸಲಿಲ್ಲ.

ವಿಂಡೋಸ್ ಫೋಲ್ಡರ್‌ನಲ್ಲೇ ಇನ್‌ಸ್ಟಾಲರ್ ಅಂತ ಇನ್ನೊಂದು ಅಡಗಿದ ಫೋಲ್ಡರ್ ಇದೆ. ಅಡಗಿದ ಸಿಸ್ಟಮ್ ಫೈಲ್ ತೋರಿಸು ಅಂತ ಹೇಳಿದರೆ ಮಾತ್ರ ಕಾಣಿಸುತ್ತದೆ. ಹೆಸರು ಕೇಳಿದರೆ, ಇನ್‌ಸ್ಟಾಲ್ ಮುಗಿದಿದೆ, ಇನ್‌ಸ್ಟಾಲರ್ ಯಾಕೆ ಬೇಕು ಅನ್ನಿಸುತ್ತದೆ. ಮದ್ದೂರಿನಲ್ಲಿ ಅಂಗಡಿ ಇಟ್ಟಿರುವ ನನ್ನ ಪರಿಚಯದವರ ಕಂಪ್ಯೂಟರ್‌ನಲ್ಲಿ ಯಾರೋ ಒಬ್ಬ ಹುಡುಗ ಹಾಗೇ ಅಂದುಕೊಂಡು ಅದನ್ನು ಪೂರ್ತಿ ಖಾಲಿ ಮಾಡಿಬಿಟ್ಟಿದ್ದ. ಆ ದಿನ ಏನೂ ಆಗಲಿಲ್ಲ. ತಿಂಗಳುಗಳ ಮೇಲೆ ಆಫೀಸ್ ಅಪ್‌ಡೇಟ್ ಮಾಡಲು ಹೋದರೆ ಆಗಲ್ಲ, ತೆಗೆದು ಹೊಸದು ಹಾಕೋಣ ಅಂದರೆ ತೆಗೆಯಲೂ ಆಗಲ್ಲ, ಎಂಥದೋ ಎಂಎಸ್‌ಐ ಫೈಲ್ ಕೊಡು ಅಂತ ಕೇಳುತ್ತದೆ. ಪ್ರೋಗ್ರಾಂಗಳನ್ನು ರಿಪೇರಿ ಮಾಡಲು, ಅಪ್‌ಡೇಟ್ ಮಾಡಲು, ತೆಗೆಯಲು ಬೇಕಾದ ಫೈಲ್‌ಗಳೇ ಅಲ್ಲಿರುವುದು. ಪ್ರೋಗ್ರಾಂಡೇಟಾ ಒಳಗಿನ ಪ್ಯಾಕೇಜ್ ಕ್ಯಾಶ್ ಫೋಲ್ಡರ್ ಕೂಡ ಇದೇ ಜಾತಿ. ಹೆಸರಲ್ಲಿ ಕ್ಯಾಶ್ (ತಾತ್ಕಾಲಿಕ ಪ್ರತಿಗಳ ಸಂಗ್ರಹ) ಇದೆ ಅಂತ ಮೋಸ ಹೋಗಬೇಡಿ.

ಏನಾದರೂ ಡಿಲೀಟ್ ಮಾಡಲು ಹೋದಾಗ ಟ್ರಸ್ಟೆಡ್‌ಇನ್‌ಸ್ಟಾಲರ್‌ನ ಅನುಮತಿ ಬೇಕು ಅಂತ ಬಂದರೆ ಅಲ್ಲಿಗೇ ನಿಲ್ಲಿ. ಆ ಫೈಲ್ ವಿಂಡೋಸ್‌ದೇ ಅಂತ ಅರ್ಥ. ಓನರ್‌ಶಿಪ್ ನಿಮ್ಮ ಹೆಸರಿಗೆ ಮಾಡಿಕೊಂಡು ಅಳಿಸುವ ವಿದ್ಯೆಯನ್ನು ವಿಡಿಯೋಗಳಲ್ಲಿ ಹೇಳಿಕೊಡುತ್ತಾರೆ. ಅಳಿಸಬಹುದು ನಿಜ. ಆಮೇಲೆ ಬರುವ ಪಾಡಿಗೆ ವಿಡಿಯೋದವರು ಬರಲ್ಲ. ಒಂದೇ ಕ್ಲಿಕ್‌ಗೆ ಎಲ್ಲ ಕ್ಲೀನ್ ಅನ್ನೋ ಆ್ಯಪ್‌ಗಳೂ ಅಷ್ಟೇ. ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಸಾವಿರಾರು ತೊಂದರೆ ಇದೆ ಅಂತ ಕೆಂಪಗೆ ತೋರಿಸಿ ದುಡ್ಡು ಕೇಳುತ್ತವೆ. ರಿಜಿಸ್ಟ್ರಿ ಕ್ಲೀನ್ ಮಾಡಿದರೆ ಸಿ ಡ್ರೈವ್‌ನಲ್ಲಿ ಜಾಗವೂ ಬರಲ್ಲ.

ಇದರ ನಡುವೆ ಅಪ್‌ಡೇಟ್ ಒಂದು ಸಿಕ್ಕಿಹಾಕಿಕೊಂಡು ಮತ್ತೆ ಮತ್ತೆ ಫೇಲ್ ಆಗುತ್ತಿತ್ತು. ಅದಕ್ಕೆ ಸರ್ವಿಸಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ನಿಲ್ಲಿಸಿ, ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಶನ್ ಒಳಗಿನ ಡೌನ್‌ಲೋಡ್ ಫೋಲ್ಡರ್ ಖಾಲಿ ಮಾಡಿ, ಮತ್ತೆ ಸ್ಟಾರ್ಟ್ ಮಾಡಿದೆವು. ಬೇಕಾದ್ದನ್ನು ಅದು ಮತ್ತೆ ಇಳಿಸಿಕೊಂಡಿತು.

ಇನ್ನು ಫಾಂಟ್ಸ್ ಫೋಲ್ಡರ್. ಡಿಟಿಪಿಯವರು ಇದನ್ನು ಗಮನ ಕೊಟ್ಟು ಓದಿ. ನನ್ನ ಕಂಪ್ಯೂಟರ್‌ನಲ್ಲಿ ನೂರಾರು ಫಾಂಟ್ ಇವೆ. ಕಡಿಮೆ ಮಾಡಿದರೆ ಜಾಗ ಬರುತ್ತದೆ ಅನ್ನುವವರಿದ್ದಾರೆ. ಲೆಕ್ಕ ನೋಡಿದರೆ ಇಡೀ ಫೋಲ್ಡರ್ ಒಂದು ಜಿಬಿಯೂ ಇರಲಿಲ್ಲ. ವಿಂಡೋಸ್ ಜೊತೆ ಬರುವ ನಿರ್ಮಲಾ ಯುಐ ಇದ್ದರೆ ಕನ್ನಡ ಕಾಣಿಸುತ್ತದೆ ನಿಜ. ಹಳೇ ಕನ್ನಡ ಫಾಂಟ್ ತುಂಗಾ ಬೇಕಾದರೆ ಆಪ್ಷನಲ್ ಫೀಚರ್ಸ್‌ನಿಂದ ಮತ್ತೆ ಹಾಕಿಕೊಳ್ಳಬಹುದು. ಆದರೆ ನಮ್ಮ ಹಳೇ ಫೈಲ್‌ಗಳೆಲ್ಲ ಯುನಿಕೋಡ್‌ನಲ್ಲಿ (ಫಾಂಟ್ ಬದಲಾದರೂ ಅಕ್ಷರ ಬದಲಾಗದ ಈಗಿನ ಪದ್ಧತಿ) ಇಲ್ಲವಲ್ಲ! ಕನ್ನಡ ಗಣಕ ಪರಿಷತ್ತಿನ ನುಡಿ, ಜೊತೆಗೆ ಬರಹ, ಇವುಗಳ ಹಳೇ ಫಾಂಟ್‌ನಲ್ಲಿ ಮಾಡಿದ್ದು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಒಂದು ಲಗ್ನಪತ್ರಿಕೆ ತೆರೆದು ನೋಡಿ. ಮೇಲುಗಡೆ ಶ್ರೀ ಇರಬೇಕಾದ ಜಾಗದಲ್ಲಿ ಪುಟ್ಟದೊಂದು ಎರಡರ ಅಂಕಿ, ಪಕ್ಕದಲ್ಲಿ ಒಂದಕ್ಕೊಂದು ಅಂಟಿಕೊಂಡ ಇಂಗ್ಲಿಷ್ ಎ ಮತ್ತು ಇ, ಆಮೇಲೆ ತಲೆ ಮೇಲೆ ಸೊಟ್ಟ ಗೆರೆ ಇರುವ ದೊಡ್ಡ ಎ. ಗಂಡಿನ ಹೆಸರು, ಹೆಣ್ಣಿನ ಹೆಸರು, ಮುಹೂರ್ತ, ಛತ್ರ ಎಲ್ಲ ಇದೇ ಅವತಾರದಲ್ಲಿ. ಅದೇ ಫಾಂಟ್ ಸಿಗುವವರೆಗೂ ಆ ಕಾರ್ಡ್ ಓದಕ್ಕಾಗಲ್ಲ. ನಾನು ಫಾಂಟ್ಸ್ ಫೋಲ್ಡರ್‌ನಿಂದ ಒಂದೂ ತೆಗೆಯಲಿಲ್ಲ. ಬದಲಿಗೆ ನುಡಿ, ಬರಹದ ಫಾಂಟ್‌ಗಳನ್ನು ಪೆನ್‌ಡ್ರೈವ್‌ಗೂ ಹಾಕಿಟ್ಟೆ.

ಇಷ್ಟೆಲ್ಲ ಆದರೂ ಪಟ್ಟಿಯ ತಲೆ ಮೇಲೆ ಕೂತಿದ್ದ ಯೂಸರ್ಸ್ ಫೋಲ್ಡರ್ ಹೆಚ್ಚು ಕಡಿಮೆ ಹಾಗೇ ಇತ್ತು. ಅಂದರೆ ಒಂದೊಂದೇ ಫೋಲ್ಡರ್ ಲೆಕ್ಕದಲ್ಲಿ ಜಾಸ್ತಿ ಜಾಗ ತಿಂದಿದ್ದು ಸಿಸ್ಟಮ್ ಫೈಲೇ ಅಲ್ಲ, ನನ್ನ ಅಂಗಡಿಯ ಫೈಲ್‌ಗಳು. ಅದರಲ್ಲಿ ಮೊದಲು ಕಂಡದ್ದು ಬ್ಯಾಕಪ್ ಆಫ್ ಅಂತ ಶುರುವಾಗುವ ಕೋರೆಲ್ ಫೈಲ್‌ಗಳು. ಒಂದು ಫೈಲ್ ಬದಲಾಯಿಸಿ ಸೇವ್ ಮಾಡಿದಾಗ ಹಿಂದಿನ ರೂಪವನ್ನು ಕೋರೆಲ್ ಅದೇ ಫೋಲ್ಡರ್‌ನಲ್ಲಿ ಹೀಗೆ ಇಡುತ್ತದೆ. ಹೆಸರಿನ ಮೇಲೆ ಹುಡುಕಿ ಒಟ್ಟಿಗೆ ಸಿಕ್ಕವು. ಮೂಲ ಫೈಲ್ ತೆರೆದು ಸರಿ ಇದೆ ಅಂತ ನೋಡಿಕೊಂಡು ಹಳೇವನ್ನೆಲ್ಲ ತೆಗೆದೆ. ಆಪ್‌ಡೇಟಾ ಫೋಲ್ಡರ್ ದೊಡ್ಡದಿದೆ ಅಂತ ಅದನ್ನು ಇಡಿಯಾಗಿ ತೆಗೆಯಲು ಹೋಗಬೇಡಿ. ಕ್ರೋಮ್‌ನ ಪಾಸ್‌ವರ್ಡ್, ಬುಕ್‌ಮಾರ್ಕ್, ಕೋರೆಲ್‌ನ ಸೆಟ್ಟಿಂಗ್ ಎಲ್ಲ ಅಲ್ಲೇ ಇರುತ್ತವೆ. ಕ್ರೋಮ್ ಕ್ಯಾಶ್ ಅನ್ನು ಕ್ರೋಮ್ ಒಳಗಿನಿಂದ, ವಾಟ್ಸಾಪ್ ಫೈಲ್‌ಗಳನ್ನು ವಾಟ್ಸಾಪ್ ಒಳಗಿನಿಂದ ತೆಗೆಯಿರಿ.

ಡೌನ್‌ಲೋಡ್ಸ್ ತೆರೆದು ಕೂತಾಗ ಸ್ವಲ್ಪ ಕಸಿವಿಸಿ ಆಯಿತು. ವಾಟ್ಸಾಪ್ ಇಮೇಜ್ ಅಂತ ಶುರುವಾಗುವ ಫೋಟೋಗಳು ಸಾವಿರಗಟ್ಟಲೆ. ಅದರಲ್ಲಿ ಊರಿನ ಅರ್ಧ ಜನದ ಆಧಾರ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಜಾತಿ ಪ್ರಮಾಣಪತ್ರ. ಪ್ರಿಂಟ್ ತಗೊಂಡು ಹೋದರು, ಫೈಲ್ ಇಲ್ಲೇ ಉಳಿಯಿತು. ಜೆರಾಕ್ಸ್ ಅಂಗಡಿ ಇರುವ ಎಲ್ಲರ ಕಂಪ್ಯೂಟರ್‌ನಲ್ಲೂ ಇದೇ ಕಥೆ ಇರುತ್ತದೆ. ಜಾಗದ ವಿಷಯ ಹಾಗಿರಲಿ, ಬೇರೆಯವರ ಆಧಾರ್ ನಮ್ಮ ಹತ್ತಿರ ಯಾಕೆ? ಎಲ್ಲ ತೆಗೆದು ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದೆ. ಈಗ ಸಂಜೆ ಅಂಗಡಿ ಮುಚ್ಚುವ ಮುಂಚೆ ಆ ದಿನದ್ದು ಆ ದಿನವೇ ಅಳಿಸುತ್ತೇನೆ. ಡೌನ್‌ಲೋಡ್ಸ್‌ನ ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಅಂತ ಇರುತ್ತದೆ, ಅಲ್ಲಿ ಡಿ ಡ್ರೈವ್‌ನ ಒಂದು ಫೋಲ್ಡರ್ ತೋರಿಸಿ ಮೂವ್ ಕೊಟ್ಟೆ. ಇನ್ನು ಮುಂದೆ ಬರುವುದೆಲ್ಲ ನೇರ ಅಲ್ಲಿಗೇ.

ಕೊನೆಗೆ ಸಿ ಡ್ರೈವ್‌ನಲ್ಲಿ ಖಾಲಿ ಜಾಗ 50 ಜಿಬಿ ದಾಟಿತು. ಎಲ್ಲ ಆದ ಮೇಲೆ ಅವನು ಒಂದು ಪರೀಕ್ಷೆ ಮಾಡಿಸಿದ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಸ್, ಎಫ್, ಸಿ, ಗ್ಯಾಪ್, ಸ್ಲ್ಯಾಶ್, ಸ್ಕ್ಯಾನ್‌ನೌ. ಸಿಸ್ಟಮ್ ಫೈಲ್‌ಗಳಲ್ಲಿ ಯಾವುದಾದರೂ ಕಾಣೆಯಾಗಿದೆಯಾ, ಕೆಟ್ಟಿದೆಯಾ ಅಂತ ಅದು ನೋಡುತ್ತದೆ. ಏನೂ ತೊಂದರೆ ಇಲ್ಲ ಅಂತ ಬಂತು. ನಿಮ್ಮಲ್ಲಿ ತೊಂದರೆ ಇದೆ, ಸರಿ ಮಾಡಕ್ಕಾಗಲಿಲ್ಲ ಅಂತ ಬಂದರೆ ಡಿಸ್ಮ್‌ನಲ್ಲೇ ರಿಸ್ಟೋರ್‌ಹೆಲ್ತ್ ಅಂತ ಕೊಟ್ಟು, ಅದು ಮುಗಿದ ಮೇಲೆ ಸ್ಕ್ಯಾನ್‌ನೌ ಇನ್ನೊಮ್ಮೆ ಓಡಿಸಬೇಕು. ಅದಕ್ಕೆ ಇಂಟರ್‌ನೆಟ್ ಬೇಕು.

ಈ ನಡುವೆ ಪಕ್ಕದ ಅಂಗಡಿಯ ಅಕ್ಕ ತಮ್ಮ ಲ್ಯಾಪ್‌ಟಾಪ್ ತಂದು ನಮಗೂ ಹೀಗೇ ಮಾಡಿಕೊಡಿ ಅಂದರು. ನೋಡಿದರೆ ಬ್ಯಾಕಪ್ಪೇ ಇಲ್ಲ. ಪೆನ್‌ಡ್ರೈವ್ ತಗೊಂಡು ಬನ್ನಿ ಅಂತ ವಾಪಸ್ ಕಳಿಸಿದ್ದೇನೆ. ಶ್ರಾವಣ ಶುರುವಾಗುವುದರೊಳಗೆ ಬಂದರೆ ಮಾಡಿಕೊಡುತ್ತೇನೆ, ಆಮೇಲೆ ನನಗೆ ಪುರುಸೊತ್ತಿರಲ್ಲ.